ತೆರೆದ ಬೆನ್ನು, ಮುಚ್ಚಿದ ಬೆನ್ನು



ನಾನೀಗ ಮಾತನಾಡುತ್ತಿರುವ ಈ ಕೋಣೆಗೆ ಒಂದು ದೊಡ್ಡ ಗಾಜಿನ ಕಿಟಕಿಯಿದೆ. ಅದರಾಚೆ ಕುಳಿತಿರುವ ಧ್ವನಿಮುದ್ರಣದ ಮಿತ್ರರು ಎರಡು ಕಿವಿಗಳನ್ನೂ ಮುಚ್ಚುವಂತೆ ಹೆಡ್‌ಫೋನ್ ಧರಿಸಿದ್ದಾರೆ. ನನ್ನ ಮಾತು ನಿಮ್ಮನ್ನು ತಲುಪುವ ಮೊದಲು ಅವರನ್ನು ತಲುಪುತ್ತದೆ. ನಾನು ತಡವರಿಸಿದ್ದು, ಕಾಗದ ಸರಿಸಿದ್ದು, ಕೆಮ್ಮನ್ನು ನುಂಗಿಕೊಂಡದ್ದು ಎಲ್ಲವೂ ಅವರಿಗೆ ಗೊತ್ತು. ಇಂದಿನ ನನ್ನ ಮಾತು ಆ ಸಲಕರಣೆಯನ್ನು ಕುರಿತದ್ದು. ಕನ್ನಡದ ಮೇಷ್ಟರಿಗೆ ಇದರ ಗೊಡವೆ ಏಕೆ ಎಂದು ನೀವು ಕೇಳಬಹುದು. ಮೂವತ್ತು ವರ್ಷಕ್ಕೂ ಮಿಕ್ಕಿ ತರಗತಿಯಲ್ಲಿ ಹುಡುಗರ ಉಚ್ಚಾರಣೆಯನ್ನು ತಿದ್ದಿದವನಿಗೆ ಕಿವಿಗೆ ಸಂಬಂಧಿಸಿದ ಯಾವುದೂ ಪರಕೀಯವೆನಿಸುವುದಿಲ್ಲ ಎಂಬುದಷ್ಟೇ ನನ್ನ ಸಮಾಧಾನ.

ಹೆಡ್‌ಫೋನು ಹೊಸ ಕಾಲದ ಹುಡುಗರ ಆಟಿಕೆಯೆಂದು ತಿಳಿದವರುಂಟು. ವಾಸ್ತವದಲ್ಲಿ ಅದು ಬಾನುಲಿ ಪ್ರಸಾರಕ್ಕಿಂತ ಹಿರಿದು. ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತಾನು ಮನೆಯಲ್ಲಿಯೇ ತಯಾರಿಸಿದ ಹೆಡ್‌ಫೋನನ್ನು 1910ರಲ್ಲಿ ಆ ದೇಶದ ನೌಕಾಪಡೆಗೆ ಒದಗಿಸಿದ. ಆ ಕಾಲದ ಹರಳಿನ ರೇಡಿಯೋಗಳಿಗೆ ಕೊಠಡಿಯನ್ನು ತುಂಬುವಷ್ಟು ಶಕ್ತಿ ಇರಲಿಲ್ಲವಾಗಿ, ಕೇಳುವವರು ಅದನ್ನು ಕಿವಿಗೆ ಕಟ್ಟಿಕೊಳ್ಳಲೇಬೇಕಿತ್ತು. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸುವ ವೇಳೆಗೆ ಧ್ವನಿವರ್ಧಕವುಳ್ಳ ರೇಡಿಯೋ ಪೆಟ್ಟಿಗೆ ಬಂದಿತ್ತು. ಒಬ್ಬರ ಕಿವಿಯಲ್ಲಿದ್ದ ಸಂಗೀತ ನಡುಮನೆಗೆ ಬಂದು ಎಲ್ಲರದಾಯಿತು. ಈಗ ಅದು ಮತ್ತೆ ಒಬ್ಬೊಬ್ಬರ ಕಿವಿಗೆ ಹಿಂದಿರುಗಿದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಧ್ವನಿಮುದ್ರಣದ ವೃತ್ತಿಯಲ್ಲಿದ್ದಾನೆ. ಕಳೆದ ವರ್ಷ ಮನೆಗೆ ಬಂದವನು, "ಒಂದು ತಿಂಗಳು ನಿಮ್ಮಲ್ಲಿರಲಿ ಸಾರ್, ಕೇಳಿ ನೋಡಿ, ಆಮೇಲೆ ನಿಮ್ಮ ಅಭಿಪ್ರಾಯ ಹೇಳಿ" ಎಂದು ಎರಡು ಹೆಡ್‌ಫೋನುಗಳನ್ನೂ ಅವುಗಳಿಗೆ ಬೇಕಾದ ಒಂದು ಪುಟ್ಟ ಆಂಪ್ಲಿಫೈಯರನ್ನೂ ಮೇಜಿನ ಮೇಲಿಟ್ಟು ಹೋದ. ಎರಡೂ ಒಂದೇ ಕಾರ್ಖಾನೆಯವು. ಎರಡರ ಒಳಗಿನ ಯಂತ್ರವೂ ಒಂದೇ. ಒಂದರ ಬೆನ್ನು ಮಾತ್ರ ಜಾಲರಿಯಂತೆ ತೆರೆದಿತ್ತು, ಇನ್ನೊಂದರ ಬೆನ್ನು ಮರದ ಬಟ್ಟಲಿನಿಂದ ಮುಚ್ಚಿತ್ತು. ಅಷ್ಟರಿಂದ ನಾದದಲ್ಲಿ ಎಷ್ಟು ವ್ಯತ್ಯಾಸವಾದೀತು ಎಂದು ಮೊದಲು ನನಗೂ ಅನುಮಾನವೇ ಇತ್ತು.

ಒಳಗಿನ ಯಂತ್ರದ ವಿಚಾರವನ್ನು ಮೊದಲು ಹೇಳಬೇಕು. ಸಾಮಾನ್ಯವಾದ ಹೆಡ್‌ಫೋನಿನಲ್ಲಿ ತಂತಿಯ ಒಂದು ಸುರುಳಿ ಇರುತ್ತದೆ. ಅಯಸ್ಕಾಂತದ ಸೆಳೆತಕ್ಕೆ ಸಿಕ್ಕಿ ಅದು ಹಿಂದುಮುಂದಾಗುತ್ತ, ತನಗೆ ಅಂಟಿಕೊಂಡ ಪೊರೆಯನ್ನು ತಳ್ಳುತ್ತದೆ. ತಳ್ಳುವುದು ಸುರುಳಿ ಅಂಟಿರುವ ಕಡೆಯಲ್ಲಿ ಮಾತ್ರ. ಪೊರೆಯ ಉಳಿದ ಭಾಗ ಅದನ್ನು ಹಿಂಬಾಲಿಸಬೇಕು, ಹಿಂಬಾಲಿಸುವಾಗ ಅಲ್ಲಲ್ಲಿ ಬಳುಕುತ್ತದೆ. ಪ್ಲೇನರ್ ಎಂದು ಕರೆಯುವ, ಅಂದರೆ ಸಮತಲದ, ಹೆಡ್‌ಫೋನಿನಲ್ಲಿ ಸುರುಳಿಯೇ ಇಲ್ಲ. ಕೂದಲೆಳೆಗಿಂತ ಎಷ್ಟೋ ತೆಳುವಾದ ಪೊರೆಯ ಮೇಲೆ, ರಂಗೋಲಿಯ ಎಳೆ ಎಳೆದಂತೆ, ಲೋಹದ ಗೆರೆಗಳನ್ನು ಹರಡಿರುತ್ತಾರೆ. ಸಾಲಾಗಿ ನಿಲ್ಲಿಸಿದ ಅಯಸ್ಕಾಂತಗಳ ಎದುರಿನಲ್ಲಿ ಈ ಪೊರೆ ಬಿಗಿದು ನಿಂತಿರುತ್ತದೆ. ಗೆರೆಗಳಲ್ಲಿ ವಿದ್ಯುತ್ತು ಹರಿದಾಗ ಇಡೀ ಪೊರೆ ಒಮ್ಮೆಗೇ ಚಲಿಸುತ್ತದೆ. ತಂತಿಯನ್ನು ಮೀಟಿದ ಕ್ಷಣದಂಥ ಸೂಕ್ಷ್ಮಗಳನ್ನು ಅದು ಚೊಕ್ಕವಾಗಿ ಹಿಡಿಯುವುದು ಇದರಿಂದಾಗಿಯೇ. ಇದಕ್ಕೆ ತೆರಬೇಕಾದ ಬೆಲೆ ತೂಕ. ಅಯಸ್ಕಾಂತದ ಸಾಲುಗಳಿಂದಾಗಿ ಇವುಗಳಲ್ಲಿ ಹಲವು ಅರ್ಧ ಕಿಲೋ ದಾಟುತ್ತವೆ.

ಈ ವಿಧಾನವೂ ನಿನ್ನೆ ಮೊನ್ನೆಯದಲ್ಲ. ಜಪಾನಿನ ಯಮಾಹ ಸಂಸ್ಥೆ 1976ರಲ್ಲಿಯೇ ಎಚ್‌ಪಿ-1 ಎಂಬ ಇಂಥ ಹೆಡ್‌ಫೋನನ್ನು ಹೊರತಂದಿತ್ತು. ಅದರ ರೂಪವನ್ನು ಯೋಜಿಸಿದವರು ಇಟಲಿಯ ವಾಸ್ತುಶಿಲ್ಪಿ ಮಾರಿಯೊ ಬೆಲ್ಲಿನಿ. ತೆರೆದ ಬೆನ್ನಿನ ಕಲ್ಪನೆ ಅದಕ್ಕೂ ಹಿಂದಿನದು. ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯ ಎಚ್‌ಡಿ 414, 1968ರಲ್ಲಿ, ಸಾಮಾನ್ಯ ಸುರುಳಿಯ ಹೆಡ್‌ಫೋನಿನಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿತು. ಈಚಿನವರಲ್ಲಿ ಕ್ಯಾಲಿಫೋರ್ನಿಯದ ಸಂಸ್ಥೆಯೊಂದು ಹೆಸರಾಗಿದೆ. ಅದರ ಹೆಸರನ್ನು ಹೋಮರನ ಮಹಾಕಾವ್ಯದಂತೆ ಆಡಿಸಿ ಎಂದೇ ಉಚ್ಚರಿಸಬೇಕಂತೆ. 2013ರಲ್ಲಿ ಅದು ಎಲ್‌ಸಿಡಿ-ಎಕ್ಸ್ ಎಂಬ ತೆರೆದ ಬೆನ್ನಿನದನ್ನೂ ಎಲ್‌ಸಿಡಿ-ಎಕ್ಸ್‌ಸಿ ಎಂಬ ಮುಚ್ಚಿದ ಬೆನ್ನಿನದನ್ನೂ ಅವಳಿಗಳಂತೆ ಹೊರತಂದಿತು. ಎರಡರಲ್ಲಿಯೂ 106 ಮಿಲಿಮೀಟರ್ ವ್ಯಾಸದ ಪ್ಲೇನರ್ ಯಂತ್ರವಿದೆ. ಒಂದೇ ಯಂತ್ರಕ್ಕೆ ಎರಡು ಬಗೆಯ ಬೆನ್ನು ಏಕೆ ಬೇಕಾಯಿತು ಎಂಬುದು ವಿಚಾರಮಾಡತಕ್ಕ ಪ್ರಶ್ನೆ.

ಪೊರೆ ಮುಂದಕ್ಕೆ ಚಲಿಸಿದಾಗ ಕಿವಿಯ ಕಡೆಯ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಕ್ಷಣದಲ್ಲಿ ಬೆನ್ನ ಕಡೆಯ ಗಾಳಿ ಸಡಿಲವಾಗುತ್ತದೆ. ಎಂದರೆ ಒಂದು ಪೊರೆ ಎರಡು ನಾದಗಳನ್ನು ಹುಟ್ಟಿಸುತ್ತದೆ. ಮುಂದಿನದು ನಮಗೆ ಬೇಕಾದದ್ದು. ಹಿಂದಿನದು ಅದರ ವಿಲೋಮ. ಈ ಹಿಂದಿನ ನಾದವನ್ನು ಏನು ಮಾಡಬೇಕು? ಹೋಗಲಿ ಎಂದು ಬಿಟ್ಟರೆ ಅದು ತೆರೆದ ಬೆನ್ನು. ಹೋಗಕೂಡದು ಎಂದು ತಡೆದರೆ ಅದು ಮುಚ್ಚಿದ ಬೆನ್ನು. ಉಳಿದ ಗುಣದೋಷಗಳಲ್ಲಿ ಬಹುಪಾಲು ಈ ಒಂದು ತೀರ್ಮಾನದಿಂದ ಹುಟ್ಟಿದವು.

ತಡೆದ ನಾದ ಸುಮ್ಮನಿರುವುದಿಲ್ಲ. ಬಟ್ಟಲಿನ ಗೋಡೆಗೆ ಬಡಿದು ಹಿಂದಿರುಗುತ್ತದೆ. ಪ್ಲೇನರ್ ಪೊರೆ ಬಹಳ ತೆಳುವಾದುದರಿಂದ ಹಿಂದಿರುಗಿದ ನಾದ ಅದನ್ನು ಹಾದು ಮತ್ತೆ ಕಿವಿಗೆ ಬರುತ್ತದೆ. ಬಟ್ಟಲಿನ ಆಳ 3 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಹೋಗಿಬರುವ ದಾರಿ 6 ಸೆಂಟಿಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಷ್ಟು ಅಲೆಯುದ್ದದ ನಾದ ಸೆಕೆಂಡಿಗೆ ಸುಮಾರು 5,700 ಬಾರಿ ಕಂಪಿಸುತ್ತದೆ. ಆ ಆಸುಪಾಸಿನಲ್ಲಿ ಮುಂದಿನ ನಾದವೂ ಮರಳಿಬಂದ ನಾದವೂ ಒಂದು ಕಡೆ ಕೂಡಿಕೊಳ್ಳುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸುತ್ತವೆ. ಕನ್ನಡದ ಮೇಷ್ಟರಿಗೆ ಇದು ಮುಖ್ಯವಾದ ವಿಷಯ, ಏಕೆಂದರೆ ನಮ್ಮ ಊಷ್ಮ ವರ್ಣಗಳಾದ ಶಕಾರ ಸಕಾರಗಳ ಸೀತ್ಕಾರ ಬಹುಮಟ್ಟಿಗೆ ಆ ಎತ್ತರದ ಸುತ್ತಮುತ್ತಲೇ ಇರುವುದು. ಗಮಕಿಯೊಬ್ಬರು ವಾಚಿಸಿದ ಕುಮಾರವ್ಯಾಸ ಭಾರತದ ಧ್ವನಿಮುದ್ರಿಕೆಯನ್ನು ನಾನು ಎರಡರಲ್ಲಿಯೂ ಕೇಳಿದೆ. ತೆರೆದದ್ದರಲ್ಲಿ ಶಕಾರ ಶಕಾರವಾಗಿಯೂ ಸಕಾರ ಸಕಾರವಾಗಿಯೂ ನಿಂತವು. ಮುಚ್ಚಿದ್ದರಲ್ಲಿ ಸಕಾರಕ್ಕೆ ಒಂದು ಚೂಪು ಬಂತು. ಕೆಲವು ಸ್ವರಗಳು ಬಿಂದಿಗೆಯ ಬಾಯಲ್ಲಿ ಆಡಿದಂತೆ ತುಸು ತುಂಬಿಕೊಂಡವು. ತಯಾರಕರು ಇದನ್ನು ಬಲ್ಲರು. ಬಟ್ಟಲಿನೊಳಗೆ ಉಣ್ಣೆ, ನಮದೆ, ಸ್ಪಂಜುಗಳನ್ನು ಹೊದಿಸಿ ಮರುದನಿಯನ್ನು ಹೀರುವಂತೆ ಮಾಡುತ್ತಾರೆ. ಒಳ್ಳೆಯ ಕೆಲಸಗಾರಿಕೆಯಲ್ಲಿ ದೋಷ ಬಹಳ ಕಡಿಮೆಯಾಗುತ್ತದೆ. ಇಲ್ಲವೇ ಇಲ್ಲ ಎನ್ನುವಷ್ಟಾಗುವುದು ಕಷ್ಟ.

ತಂಬೂರಿಯ ಬುರುಡೆಯೂ ಮುಚ್ಚಿದ ಬಟ್ಟಲೇ ಅಲ್ಲವೆ, ಅದು ಮೊಳಗಿದರೆ ಹಿತವಲ್ಲವೆ ಎಂದು ಯಾರಾದರೂ ಕೇಳಿಯಾರು. ಹಿತ ಹೌದು. ಆ ಮೊಳಗು ತಂಬೂರಿಯ ಸ್ವಂತ ಆಸ್ತಿ, ಮುದ್ರಣದಲ್ಲಿ ಅದು ಆಗಲೇ ಸೇರಿಕೊಂಡಿದೆ. ಹೆಡ್‌ಫೋನು ತನ್ನದನ್ನೂ ಸೇರಿಸಿದರೆ ತಂಬೂರಿ ಎರಡು ಬುರುಡೆಯದಾಗುತ್ತದೆ. ಆನಂದವರ್ಧನ ಕಾವ್ಯದ ಧ್ವನಿಯನ್ನು ಅನುರಣನಕ್ಕೆ ಹೋಲಿಸಿದ್ದು ನಿಮಗೆ ತಿಳಿದ ವಿಷಯ. ಗಂಟೆಯ ಅನುರಣನ ಗಂಟೆಯಿಂದಲೇ ಹೊರಡಬೇಕು, ಅದನ್ನು ತೂಗುಹಾಕಿದ ಕೋಣೆಯದಾಗಬಾರದು.

ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ತೆರೆದ ಬೆನ್ನಿನದರಲ್ಲಿ ಕೇಳಿದಾಗ, ತಂತಿಯನ್ನು ಮೀಟಿದ ಸದ್ದು, ಅದರ ಹಿಂದೆಯೇ ಸ್ವರ ಅರಳಿದ್ದು, ಅದು ತೆಳುವಾಗುತ್ತ ಮೌನವನ್ನು ಸೇರಿದ್ದು, ಮೂರೂ ಬೇರೆಬೇರೆಯಾಗಿ ಗೋಚರಿಸಿದವು. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಿಕೆಗಳಲ್ಲಿ ಎಡ ಬಲ ಎಂಬ ಭೇದವಿಲ್ಲ. ಎರಡು ಕಿವಿಗೂ ಒಂದೇ ನಾದ ಬರುವುದರಿಂದ ದನಿ ತಲೆಯ ನಡುವೆ ನಿಲ್ಲುತ್ತದೆ. ಮುಚ್ಚಿದ್ದರಲ್ಲಿ ಅದು ಅಲ್ಲಿಯೇ ನಿಂತಿತು. ತೆರೆದದ್ದರಲ್ಲಿ, ಕೋಣೆಯ ಗಾಳಿಯೂ ಸದ್ದೂ ಜೊತೆಗಿರುವುದರಿಂದಲೋ ಏನೋ, ಹಣೆಯಿಂದ ಒಂದು ಗೇಣು ಮುಂದಕ್ಕೆ ಬಂದಂತೆ ನನಗೆ ಭಾಸವಾಯಿತು. ಅರವತ್ತು ದಾಟಿದ ಕಿವಿ ಅತಿ ಎತ್ತರದ ನಾದಗಳನ್ನು ಮೊದಲು ಕಳೆದುಕೊಳ್ಳುತ್ತದೆ. ಆದ್ದರಿಂದ ನನ್ನ ಸಾಕ್ಷ್ಯವನ್ನು ಅಷ್ಟರಮಟ್ಟಿಗೆ ರಿಯಾಯಿತಿ ಕೊಟ್ಟು ಸ್ವೀಕರಿಸಿ.

ಇಷ್ಟು ಹೇಳಿದ ಮೇಲೆ ತೆರೆದದ್ದೇ ಮೇಲು ಎಂದು ತೀರ್ಪು ಕೊಡಬೇಕು. ಆದರೆ ನಮ್ಮ ಬೀದಿಯಲ್ಲಿ ಆಟೋಗಳು ಓಡಾಡುತ್ತವೆ, ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗುತ್ತದೆ. ತೆರೆದ ಬೆನ್ನಿನ ಮೂಲಕ ಅವೆಲ್ಲವೂ ಒಳಕ್ಕೆ ಬರುತ್ತವೆ. ಮೃದಂಗದ ಎಡಮುಖದ ಗಾಂಭೀರ್ಯ, ವೀಣೆಯ ಮಂದ್ರಸ್ಥಾಯಿ ಆ ಗಲಾಟೆಯಲ್ಲಿ ಮುಳುಗುತ್ತವೆ. ಮುಳುಗಿದ್ದನ್ನು ಮೇಲೆತ್ತಲು ನಾವು ಸದ್ದನ್ನು ಹೆಚ್ಚಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ಮಾತ್ರ ಕ್ಷೇಮ. 3 ಡೆಸಿಬೆಲ್ ಏರಿದರೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಸದ್ದಿನ ಊರಿನಲ್ಲಿ ಮುಚ್ಚಿದ ಬೆನ್ನು ಕಿವಿಯನ್ನು ಕಾಪಾಡುತ್ತದೆ. ಕನ್ನಡಕ ಧರಿಸುವ ನನ್ನಂಥವರು ಒಂದು ಮಾತನ್ನು ನೆನಪಿಡಬೇಕು. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಸಂದು ಮಾಡಿದರೆ, ಯಾವ ಬೆನ್ನಿನದೇ ಆಗಲಿ, ಮಂದ್ರ ಸೋರಿಹೋಗುತ್ತದೆ.

ನನ್ನ ವಿದ್ಯಾರ್ಥಿಯ ವೃತ್ತಿಯಲ್ಲಿ ಇದಕ್ಕೊಂದು ಸರಳವಾದ ಕಟ್ಟಳೆಯಿದೆ. ಗಾಯಕ ಮೈಕಿನ ಮುಂದೆ ಹಾಡುವಾಗ ಅವನ ಕಿವಿಗೆ ಮುಚ್ಚಿದ್ದು. ಇಲ್ಲವಾದರೆ ಹೆಡ್‌ಫೋನಿನ ಸೋರಿಕೆ ಮೈಕಿನೊಳಗೆ ಹೋಗುತ್ತದೆ. ಹಾಡಿದ್ದನ್ನು ಆಮೇಲೆ ನಿಶ್ಶಬ್ದವಾದ ಕೋಣೆಯಲ್ಲಿ ಕುಳಿತು ತೂಗಿ ಹೊಂದಿಸುವಾಗ ತೆರೆದದ್ದು. ಮೈಕಿನ ಬಳಿ ಪ್ರಶ್ನೆ ಇಷ್ಟು ಸುಲಭ. ಮನೆಯಲ್ಲಿ ಹಾಗಲ್ಲ ಎಂಬುದು ಆ ತಿಂಗಳಲ್ಲಿ ನನಗೆ ತಿಳಿಯಿತು.

ಆಗ ನನ್ನ ಪತ್ನಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಮೂರನೆಯ ವಾರ. ಒಂದು ಸಂಜೆ ನಾನು ಮುಚ್ಚಿದ ಬೆನ್ನಿನದನ್ನು ಧರಿಸಿ ಕಣ್ಣುಮುಚ್ಚಿ ಕುಳಿತಿದ್ದೆ. ವಿಳಂಬದ ಆಲಾಪ ಮುಗಿದು ಕಣ್ಣು ತೆರೆದಾಗ ಆಕೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ವಾಕರ್ ಕೈಯಲ್ಲಿರಲಿಲ್ಲ. ಹಣೆಯ ಮೇಲೆ ಬೆವರು. "ನಾಲ್ಕು ಸಲ ಕರೆದೇಂದ್ರೆ. ನೀರು ಬೇಕಾಗಿತ್ತು. ಪರವಾಗಿಲ್ಲ, ನಾನೇ ಕುಡಿದು ಬಂದೆ" ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಬೀಳಲಿಲ್ಲ ಎಂಬುದು ನಮ್ಮ ಪುಣ್ಯ. ಅಂದು ರಾತ್ರಿ ನಾನು ಪ್ರಾಯಶ್ಚಿತ್ತವೆಂಬಂತೆ ತೆರೆದ ಬೆನ್ನಿನದನ್ನು ಹಿಡಿದು ಆಕೆಯ ಹಾಸಿಗೆಯ ಬಳಿಯೇ ಕುಳಿತೆ. ಅರ್ಧ ಗಂಟೆಯಾಗಿರಬಹುದು. "ಅದೇನು ಜೀರುಂಡೆ ಹಾಗೆ ಕಿರಿಕಿರಿ, ನಿದ್ದೆ ಬರ್ತಾ ಇಲ್ಲ" ಎಂದಳು. ಬೆನ್ನಿನಿಂದ ಸೋರಿದ ನಾದದಲ್ಲಿ ಮಂದ್ರವೆಲ್ಲ ಕಳೆದು ಮೇಲಿನ ಚೂರುಪಾರು ಮಾತ್ರ ಪಕ್ಕದವರನ್ನು ಮುಟ್ಟುತ್ತದೆ. ನನಗೆ ವೀಣೆಯಾಗಿದ್ದದ್ದು ಆಕೆಗೆ ಜೀರುಂಡೆ.

ತಿಂಗಳು ಮುಗಿದು ವಿದ್ಯಾರ್ಥಿ ಬಂದು ಅಭಿಪ್ರಾಯ ಕೇಳಿದಾಗ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಶ್ಶಬ್ದವಾದ ಕೋಣೆಯಿದ್ದು, ಸುತ್ತಲಿನವರು ಎಚ್ಚರವಾಗಿದ್ದರೆ ತೆರೆದದ್ದು ಉತ್ತಮ. ನಾದ ಶುದ್ಧ, ಮನೆಯವರ ದನಿಯೂ ಕೇಳಿಸುತ್ತದೆ. ಬಸ್ಸು, ರೈಲು, ಗದ್ದಲದ ಬೀದಿ, ಪಕ್ಕದಲ್ಲಿ ಮಲಗಿದವರು ಇರುವೆಡೆ ಮುಚ್ಚಿದ್ದು ಉತ್ತಮ. ಕಿವಿಗೂ ನೆರೆಯವರಿಗೂ ನೆಮ್ಮದಿ. ಆದರೆ ನಿಮ್ಮನ್ನೇ ನೆಚ್ಚಿಕೊಂಡ ಒಬ್ಬರು ಒಳಕೋಣೆಯಲ್ಲಿದ್ದರೆ ಮುಚ್ಚಿದ್ದನ್ನು ಧರಿಸಬೇಡಿ, ಅದೆಷ್ಟೇ ಬೆಲೆಬಾಳುವುದಾದರೂ. ಅವನು ಎರಡನ್ನೂ ಒಯ್ದ. ತೆರೆದ ಬೆನ್ನಿನ, ಅಷ್ಟು ದುಬಾರಿಯಲ್ಲದ ಒಂದನ್ನು ಆಮೇಲೆ ನಾನು ಕೊಂಡೆ. ಹಗಲಿನಲ್ಲಿ ಕೇಳುತ್ತೇನೆ. ಸಂಜೆಗೆ ನಡುಮನೆಯ ಹಳೆಯ ರೇಡಿಯೋ ಇದೆ, ಅದನ್ನು ನಾವಿಬ್ಬರೂ ಕೇಳುತ್ತೇವೆ.

ಈ ಮಾತುಗಳನ್ನು ನಿಮ್ಮಲ್ಲಿ ಯಾರಾದರೂ ಹೆಡ್‌ಫೋನಿನಲ್ಲಿ ಕೇಳುತ್ತಿರಬಹುದು. ನನ್ನ ಸಮಯ ಮುಗಿಯಿತು. ಒಮ್ಮೆ ಅದನ್ನು ತೆಗೆದು, ಮನೆಯೊಳಗೆ ಯಾರಾದರೂ ಕರೆಯುತ್ತಿದ್ದಾರೆಯೇ ಕೇಳಿ.

(ಬಾನುಲಿ ಭಾಷಣ)