ಯಂತ್ರ ಹೊಸದಾಗುವ ಮುನ್ನ

ಮೇಜಿನ ಮೇಲೊಂದು ಗಣಕಯಂತ್ರ, ಮುಂದೊಂದು ಮೈಕು—ಇಷ್ಟಿದ್ದರೆ ಇಂದು ಯಾವ ಮನೆಯೂ ಧ್ವನಿಮುದ್ರಣ ಮಂದಿರವಾಗಬಲ್ಲದು. ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಎಂಬತ್ತು ದಾಟಿದ ನಮ್ಮ ಅತ್ತೆಯವರು ಹಸೆಗೆ ಕರೆಯುವ ಹಾಡು, ಆರತಿಯ ಹಾಡುಗಳನ್ನು ಮಧ್ಯಾಹ್ನದ ಬಿಡುವಿನಲ್ಲಿ ಹಾಡಿದರು. ನಮ್ಮ ಮಗ ಅವುಗಳಿಗೆ ತಂಬೂರಿಯ ಶ್ರುತಿಯನ್ನೂ ಕೊಳಲನ್ನೂ ಕೂಡಿಸಿದ.

ಒಂದು ರಾತ್ರಿ, ಹೊಸ ಆವೃತ್ತಿ ಸಿದ್ಧವಿದೆಯೆಂಬ ಸೂಚನೆ ಪರದೆಯ ಮೇಲೆ ಮೂಡಿತು. ಮಗ ಒಪ್ಪಿಗೆಯಿತ್ತು ಮಲಗಿದ. ಬೆಳಗ್ಗೆ ನೋಡಿದರೆ ಹಾಡುಗಳು ತೆರೆಯಲೊಲ್ಲವು! “ನನ್ನ ಹಾಡು ಎಲ್ಲಿ ಹೋಯಿತಪ್ಪಾ?” ಎಂದರು ಅತ್ತೆ. ಅಷ್ಟರಲ್ಲಿ ಅವರ ಕಂಠ ಕೆಮ್ಮಿನಿಂದ ಕುಗ್ಗಿತ್ತು, ಮತ್ತೆ ಹಾಡಿಸುವಂತಿರಲಿಲ್ಲ.

ಹೀಗೇಕಾಗುತ್ತದೆ? ಧ್ವನಿಮುದ್ರಣದ ಗಣಕವೆಂಬುದು ಒಂದು ಅವಿಭಕ್ತ ಕುಟುಂಬವಿದ್ದಂತೆ. ಕಾರ್ಯಾಚರಣ ವ್ಯವಸ್ಥೆಯೇ ಅದರ ಯಜಮಾನ. ಮುದ್ರಿಸುವ ತಂತ್ರಾಂಶ, ನಾದಕ್ಕೆ ಮೆರುಗು ಕೊಡುವ ಪ್ಲಗಿನ್‌ಗಳು, ಮೈಕನ್ನು ಗಣಕಕ್ಕೆ ಸೇರಿಸುವ ಆಡಿಯೊ ಇಂಟರ್‌ಫೇಸ್, ಅದನ್ನು ನಡೆಸುವ ಡ್ರೈವರ್—ಇವೆಲ್ಲ ಅವನನ್ನು ನಂಬಿದವು. ಯಜಮಾನನ ರೀತಿ ಬದಲಾದರೆ ಉಳಿದವರೂ ಹೊಂದಿಕೊಳ್ಳಬೇಕು. 2019ರಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾ, 32 ಬಿಟ್ ತಂತ್ರಾಂಶಗಳನ್ನು ನಡೆಸುವುದನ್ನೇ ಕೈಬಿಟ್ಟಿತು. ಹಳೆಯ ಪ್ಲಗಿನ್‌ಗಳೆಷ್ಟೋ ಅದರಲ್ಲಿ ಮೂಕವಾದವು. ಹಾಗೆಂದು ಹಳತನ್ನೇ ಹಿಡಿದು ಕೂರುವುದೂ ಕ್ಷೇಮವಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ರಕ್ಷಣೆಯ ಪರಿಷ್ಕರಣವಿಲ್ಲದ ಯಂತ್ರವನ್ನು ಅಂತರಜಾಲಕ್ಕೆ ಒಡ್ಡುವುದು ಅಪಾಯಕರ.

ಆದುದರಿಂದ, ಬದಲಾವಣೆ ಬೇಕು, ಅವಸರ ಬೇಡ. ಮುದ್ರಣದ ಕೆಲಸ ಅರ್ಧದಲ್ಲಿರುವಾಗ ಹೊಸ ಆವೃತ್ತಿಯತ್ತ ಕೈ ಚಾಚಬಾರದು. ತಂತ್ರಾಂಶ, ಪ್ಲಗಿನ್, ಇಂಟರ್‌ಫೇಸ್—ಮೂರರ ತಯಾರಕರೂ ತಮ್ಮ ವಸ್ತು ಹೊಸ ವ್ಯವಸ್ಥೆಗೆ ಹೊಂದುವುದೆಂದು ತಿಳಿಸುವವರೆಗೆ ಕಾಯಬೇಕು. ಅನಂತರ ಇಡೀ ಡಿಸ್ಕಿನ ಪ್ರತಿಯನ್ನು ಹೊರಗಿನ ಡ್ರೈವಿನಲ್ಲಿ ತೆಗೆದಿಡಬೇಕು. ಎಲ್ಲಕ್ಕೂ ಮಿಗಿಲಾಗಿ, ಪ್ರತಿಯೊಂದು ಟ್ರ್ಯಾಕನ್ನೂ ಆರಂಭದಿಂದ ಕೊನೆಯವರೆಗೆ ಬೇರೆ ಬೇರೆ ವೇವ್ ಕಡತಗಳಾಗಿ ಉಳಿಸಬೇಕು. 1991ರಲ್ಲಿ ಹುಟ್ಟಿದ ಈ ರೂಪವನ್ನು ಧ್ವನಿಮುದ್ರಣದ ಬಹುತೇಕ ಎಲ್ಲ ತಂತ್ರಾಂಶಗಳೂ ಇಂದಿಗೂ ಓದಬಲ್ಲವು. 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿದ ಒಂದು ಕಂಠಕ್ಕೆ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್ ಸ್ಥಳ ಸಾಕು.

ನಮ್ಮ ಹಾಡುಗಳ ಕತೆ? ತಂತ್ರಾಂಶದ ಯೋಜನಾ ಕಡತದಲ್ಲಿ ಸಾಮಾನ್ಯವಾಗಿ ಇರುವುದು ಜೋಡಣೆಯ ವಿವರವಷ್ಟೆ. ಮುದ್ರಿತ ಧ್ವನಿ ಬೇರೆ ಕಡತಗಳಲ್ಲಿರುತ್ತದೆ. ಇದನ್ನು ಬಲ್ಲ ಪರಿಚಿತರೊಬ್ಬರು ಬಂದು ಹುಡುಕಿದರು. ಅತ್ತೆಯವರ ಕಂಠವೆಲ್ಲ ಹಾಗೆಯೇ ದೊರೆಯಿತು. ಹೋದದ್ದು ಮಗನ ಮೆರುಗಿನ ಕೆಲಸ ಮಾತ್ರ.

ಹಾಡು ಕೇಳಿಸಿಕೊಂಡ ಅತ್ತೆ ಮೊಮ್ಮಗನತ್ತ ತಿರುಗಿದರು: “ಜಾಡಿ ಬದಲಾಯಿಸುವಾಗ ಉಪ್ಪಿನಕಾಯಿಯನ್ನು ಮೊದಲು ತೆಗೆದಿಡಬೇಡವೇನೋ?”

ಮಗ ಮರುಮಾತಾಡದೆ ಹೊರಗಿನ ಡ್ರೈವನ್ನು ತರಲು ಅಂಗಡಿಗೆ ಹೊರಟ.