ಬರೋಕ್ ರೇಖಾಚಿತ್ರಗಳಲ್ಲಿ ಬೆಳಕು ಮತ್ತು ಭಕ್ತಿ

ಪವಿತ್ರ ಚಿತ್ರಗಳ ಮುಂದೆ ನಾವು ಮೇಣದಬತ್ತಿ ಹಚ್ಚುತ್ತೇವೆ, ಕೈ ಮುಗಿಯುತ್ತೇವೆ. ಈ ಗೌರವ ಸಲ್ಲುವುದು ಕಾಗದಕ್ಕೋ ಬಣ್ಣಕ್ಕೋ ಅಲ್ಲ, ಚಿತ್ರದಲ್ಲಿ ಮೂಡಿರುವವರಿಗೆ ಎಂದು ಟ್ರೆಂಟ್ ಮಹಾಸಭೆ 1563ರಲ್ಲಿ ಸ್ಪಷ್ಟಪಡಿಸಿತು. ಅನಂತರ ಬಂದ 17ನೇ ಶತಮಾನದ ಬರೋಕ್ ಕಲಾವಿದರು ಭಕ್ತಿಯನ್ನು ತೋರಿಸಲು ಬೆಳಕನ್ನು ಬಹಳವಾಗಿ ನೆಚ್ಚಿಕೊಂಡರು. ಬಣ್ಣವಿಲ್ಲದ ಅವರ ರೇಖಾಚಿತ್ರಗಳಲ್ಲಿ ಇದನ್ನು ಸುಲಭವಾಗಿ ಗುರುತಿಸಬಹುದು.

ಕಪ್ಪು ಅಥವಾ ಕಂದು ಮಸಿಯಿಂದ ನೆರಳನ್ನು ಬರೆಯಬಹುದು, ಬೆಳಕನ್ನು ಬರೆಯಲಾಗದು. ಹಾಗಾದರೆ ಬೆಳಕು ಎಲ್ಲಿಂದ ಬರುತ್ತದೆ? ಇಟಲಿಯ ಚೆಂಟೊ ಊರಿನ ಗ್ವೆರ್ಚಿನೊ (1591-1666) ಅವರ ಚಿತ್ರಗಳನ್ನು ನೋಡೋಣ. ಅವರು ಗರಿಯ ಲೇಖನಿಯಿಂದ ಕಂದು ಮಸಿಯಲ್ಲಿ ಗೆರೆ ಎಳೆದು, ಮಸಿಗೆ ನೀರು ಬೆರೆಸಿ ಕುಂಚದಿಂದ ನೆರಳು ತುಂಬುತ್ತಿದ್ದರು. ಬೆಳಕು ಬೀಳಬೇಕಾದ ಜಾಗವನ್ನು ಮಾತ್ರ ಮುಟ್ಟದೆ ಬಿಡುತ್ತಿದ್ದರು. ಸಂತರ ಹಣೆಯ ಮೇಲೆ ನಮಗೆ ಕಾಣುವ ಹೊಳಪು ಬರಿಯ ಕಾಗದದ್ದು. ಎಲ್ಲಿ ಕೈ ತಡೆಯಬೇಕೆಂದು ತಿಳಿದಿರುವುದೇ ಇಲ್ಲಿನ ಕಲೆ.

ಹಾಲೆಂಡಿನ ರೆಂಬ್ರಾಂಟ್ (1606-1669) ಕ್ಯಾಥೋಲಿಕರಲ್ಲದಿದ್ದರೂ ಶುಭಸಂದೇಶದ ಘಟನೆಗಳನ್ನು ಆಳವಾಗಿ ಧ್ಯಾನಿಸಿದವರು. ಸುಮಾರು 1648ರಲ್ಲಿ ಅವರು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ತೆಗೆದ ಚಿತ್ರವೊಂದು 'ನೂರು ಗಿಲ್ಡರ್ ಚಿತ್ರ' ಎಂದೇ ಪ್ರಸಿದ್ಧ. ಗಿಲ್ಡರ್ ಎಂದರೆ ಅಂದಿನ ಡಚ್ಚರ ನಾಣ್ಯ. ಸಂತ ಮತ್ತಾಯರ ಶುಭಸಂದೇಶದ 19ನೇ ಅಧ್ಯಾಯ ಇದಕ್ಕೆ ಆಧಾರ. ಪ್ರಭು ಯೇಸು ನಡುವೆ ನಿಂತಿದ್ದಾರೆ. ಎಡಗಡೆ ತರ್ಕ ಮಾಡುವ ಫರಿಸಾಯರು ತೆಳುಗೆರೆಗಳಲ್ಲಿ, ತುಂಬು ಬೆಳಕಿನಲ್ಲಿದ್ದಾರೆ. ಬಲಗಡೆಯ ಕತ್ತಲೆಯಿಂದ ರೋಗಿಗಳು, ಬಡವರು ಬರುತ್ತಿದ್ದಾರೆ. ಅವರಲ್ಲಿ ಪ್ರಾರ್ಥಿಸುತ್ತಿರುವ ಮಹಿಳೆಯೊಬ್ಬಳ ಜೋಡಿಸಿದ ಕೈಗಳ ನೆರಳು ಪ್ರಭುವಿನ ನಿಲುವಂಗಿಯ ಮೇಲೆ ಬಿದ್ದಿದೆ.

ಈ ಪುಟ್ಟ ನೆರಳನ್ನು ನಾವು ಗಮನಿಸಬೇಕು. ಬೆಳಕಿನಲ್ಲಿ ನಿಂತವರು ತಮ್ಮ ಮಾತಿನಲ್ಲೇ ಮುಳುಗಿದ್ದಾರೆ. ಆಕೆ ಇನ್ನೂ ಕತ್ತಲೆಯಂಚಿನಲ್ಲಿದ್ದರೂ ಆಕೆಯ ಪ್ರಾರ್ಥನೆ ಆಗಲೇ ಪ್ರಭುವನ್ನು ಮುಟ್ಟಿದೆ. ದೀರ್ಘಕಾಲ ಹಾಸಿಗೆ ಹಿಡಿದವರಿಗೆ, 'ನನ್ನ ಪ್ರಾರ್ಥನೆ ದೇವರಿಗೆ ಕೇಳಿಸುತ್ತಿಲ್ಲ' ಎಂದು ನೊಂದವರಿಗೆ ಈ ಚಿತ್ರ ಧೈರ್ಯ ಹೇಳಬಲ್ಲದು.

ಧರ್ಮೋಪದೇಶ ತರಗತಿಯಲ್ಲಾಗಲಿ, ರೋಗಿಗಳ ಭೇಟಿಯಲ್ಲಾಗಲಿ ಇಂತಹ ಚಿತ್ರ ತೋರಿಸುವಾಗ 'ಇದರಲ್ಲಿ ಯಾರಿದ್ದಾರೆ?' ಎಂದು ಕೇಳಿ ಮುಗಿಸದಿರೋಣ. ಬೆಳಕು ಯಾರ ಮೇಲೆ ಬಿದ್ದಿದೆ, ಕತ್ತಲಲ್ಲಿ ಯಾರಿದ್ದಾರೆ, ನಾವು ಯಾವ ಕಡೆ ನಿಂತಿದ್ದೇವೆ ಎಂದೂ ಕೇಳೋಣ. ಉತ್ತರಕ್ಕಾಗಿ ಸ್ವಲ್ಪ ಹೊತ್ತು ಮೌನವಾಗಿ ಕಾಯೋಣ.