ಮೊದಲ ಕೋವಿ ಯಾವುದಿರಲಿ?

ಕಾರ್ಕಳ ಕಡೆಯ ನನ್ನ ಮಳೆಯಾಶ್ರಿತ ಬೆಟ್ಟುಗದ್ದೆಗೆ ಹಂದಿ ನುಗ್ಗಿದ ವರ್ಷ ನಾನೂ ಕೋವಿಗೆ ಹೊರಟೆ. ಮನಸ್ಸು ರೈಫಲ್ ಮೇಲಿತ್ತು. ಬೇಡ ಮಾರಾಯ ಅಂದವರು ಊರಿನ ಹಿರಿಯರು.

ಕಾರಣ ಇಷ್ಟೆ. ಗುರಿ ತಪ್ಪಿದ ರೈಫಲ್ ಗುಂಡು ಕಿಲೋಮೀಟರಿಗೂ ಮಿಕ್ಕಿ ಹೋದೀತು. ನಮ್ಮಲ್ಲಿ ಗದ್ದೆಯಾಚೆ ಮನೆ, ಮನೆಯಾಚೆ ರಸ್ತೆ. 12 ಬೋರಿನ ತೋಟೆಕೋವಿಯ ಸಣ್ಣ ಚರೆ ಚದರಿ ಬೇಗ ಬಲ ಕಳೆದುಕೊಳ್ಳುತ್ತದೆ. ಹಾಗೆಂದು ಅದೂ ಆಟಿಕೆಯಲ್ಲ. ಒಂಟಿ ನಳಿಗೆಯದ್ದನ್ನು ಮಡಚಿದರೆ ತೋಟೆ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಹೊಸಬರಿಗೆ ಅದೇ ಸಾಕು.

ಅರ್ಜಿ ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ. ಪೊಲೀಸ್ ವರದಿ ಆಗಬೇಕು. 2016ರ ನಿಯಮದಂತೆ ತರಬೇತಿ ಪತ್ರವೂ ಬೇಕು; ಅಭ್ಯಾಸ ಅಲ್ಲೇ ಆಗಲಿ, ಹಿತ್ತಿಲಲ್ಲಿ ಬೇಡ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ 5 ವರ್ಷಕ್ಕೆ. ಚುನಾವಣೆ ಬಂದರೆ ಕೋವಿ ಠಾಣೆಗೆ ಕೊಡಬೇಕಾದೀತು. ನೆನಪಿಡಿ, ಲೈಸೆನ್ಸ್ ಕೋವಿಗೆ ಮಾತ್ರ. ನವಿಲು, ಹಂದಿಗೆ ಹೊಡೆಯಲು ಅದು ಅನುಮತಿಯಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ.

ಒಂದು ಬೆಳದಿಂಗಳ ರಾತ್ರಿ ಪೈರು ಅಲ್ಲಾಡಿತು. ಕೋವಿ ಎತ್ತಿಯಾಗಿತ್ತು. ಯಾಕೋ ಟಾರ್ಚ್ ಹಾಕಿದೆ. ನೀರು ಕಟ್ಟಲು ಬಂದ ನೆರೆಯವ! ಈಗಲೂ ನೆನೆದರೆ ಕೈ ನಡುಗುತ್ತದೆ.

ಅಂದಿನಿಂದ ಟಾರ್ಚ್ ಮೊದಲು, ಕೋವಿ ಆಮೇಲೆ. ಕೋವಿಗೊಂದು ಬೀಗ, ತೋಟೆಗೆ ಇನ್ನೊಂದು. ಕಳ್ಳರ ಹೆದರಿಕೆಗಾದರೆ ನಾಯಿಯೇ ವಾಸಿ.